ಹರಿಗೋಲು ಮತ್ತು ಹಾಯಿದೋಣಿ

ಶಿವಮೊಗ್ಗ ನಗರದ ಮಗ್ಗುಲಲ್ಲಿ ತುಂಗಾ ನದಿಯೂ ಭದ್ರಾವತಿಯ ನಡುವೆ ಭದ್ರಾ ನದಿಯೂ ಹರಿಯುತ್ತವೆ. ಇವೆರಡೂ ಶಿವಮೊಗ್ಗಕ್ಕೆ ಸುಮಾರು 15 ಕಿಲೋಮೀಟರ್ ದೂರದ ಕೂಡಲಿಯಲ್ಲಿ ಸಂಗಮಿಸಿ ತುಂಗಭದ್ರೆಯಾಗಿ ಮುಂದೆ ಸಾಗುತ್ತವೆ. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಈ ಹೊಳೆಗಳ ಎರಡು ದಡಗಳನ್ನು ಬೆಸೆದಿದ್ದುದು ಹರಿಗೋಲು. ಶಿವಮೊಗ್ಗದ ಕಡೆಯ ಜನ ಇದನ್ನು ತೆಪ್ಪವೆಂದೂ ಕರೆಯುತ್ತಾರೆ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ತೊಗಲನ್ನು ಬಿಗಿದು ಇದನ್ನು ಸಿದ್ಧಪಡಿಸುತ್ತಿದ್ದರು. ಕಾಲಕ್ರಮದಲ್ಲಿ ತೊಗಲಿನ ಸ್ಥಾನವನ್ನು ಟಾರು ಬಳಿದ ಬಟ್ಟೆಯೂ ಪ್ಲಾಸ್ಟಿಕ್ ಹಾಳೆಯೂ ಆಕ್ರಮಿಸಿದುವು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದೇ ತುಂಗಭದ್ರೆಯ ಮೇಲೆ ಹರಿಗೋಲುಗಳನ್ನು ಕಂಡು ಬೆರಗಾದನು. ಬುಟ್ಟಿಯಂತಹ ಈ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವೆಂದೂ, ಆದರೆ ಇತರ ದೋಣಿಗಳಂತೆ ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆಂದೂ ಆತನು ಬರೆದಿಟ್ಟಿದ್ದಾನೆ. ಆತನ ಕಣ್ಣು ಸೂಕ್ಷ್ಮವಾದುದು. ಮುಂಭಾಗ, ಹಿಂಭಾಗ ಎಂಬ ಭೇದವಿಲ್ಲದ ದುಂಡು ದೋಣಿಗೆ ನೇರ ದಾರಿ ಸಹಜವಲ್ಲ; ಅದನ್ನು ನೇರವಾಗಿ ನಡೆಸುವುದು ಅಂಬಿಗನ ಕೈಚಳಕವೇ ಹೊರತು ದೋಣಿಯ ಗುಣವಲ್ಲ.

ಹರಿಗೋಲಿಗೆ ಇನ್ನೊಂದು ಮಿತಿಯೂ ಉಂಟು. ಎಲ್ಲರೂ ತಳದಲ್ಲಿ ಸಮನಾಗಿ ಕುಳಿತಿರುವವರೆಗೆ ಅದು ಭದ್ರ. ಜನ ಹೆಚ್ಚಾಗಿ, ಎದ್ದು ನಿಂತು, ಒಂದೇ ಅಂಚಿಗೆ ವಾಲಿದರೆ ಕ್ಷಣಮಾತ್ರದಲ್ಲಿ ನೀರು ಒಳನುಗ್ಗುತ್ತದೆ. 2016ರ ಸೆಪ್ಟೆಂಬರ್ ತಿಂಗಳಿನಲ್ಲಿ ಶಿವಮೊಗ್ಗ ಜಿಲ್ಲೆಯ ಹಾಡೋನಹಳ್ಳಿಯಲ್ಲಿ ಗಣಪತಿಯ ವಿಸರ್ಜನೆಗೆಂದು ಹೊಳೆಗೆ ಇಳಿದ ತೆಪ್ಪದಲ್ಲಿ ಅದು ತಾಳುವುದಕ್ಕಿಂತ ಹೆಚ್ಚು ಜನರಿದ್ದರು. ತೆಪ್ಪ ಮಗುಚಿ 12 ಮಂದಿ ಜಲಸಮಾಧಿಯಾದರು. ಹಬ್ಬದ ದಿನ ಮನೆಯಿಂದ ಹೊರಟ ಮಕ್ಕಳು ಮರಳಿ ಬಾರದ ಆ ದುಃಖವನ್ನು ಊರು ಮರೆಯುವುದುಂಟೆ?

ದೋಣಿ ಮಗುಚುವುದೇ ಇಲ್ಲವೆಂದು ನಂಬಿ ನೀರಿಗೆ ಇಳಿಯುವುದು ಒಂದು ಬಗೆ. ಮಗುಚುವುದು ಖಂಡಿತವೆಂದು ತಿಳಿದು, ಅದಕ್ಕೆ ತಕ್ಕಂತೆ ದೋಣಿಯನ್ನೂ ನಾವಿಕನನ್ನೂ ಸಿದ್ಧಗೊಳಿಸುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯಿಂದ ಹುಟ್ಟಿದುದು ಡಿಂಗಿ ಎಂಬ ಪುಟ್ಟ ಹಾಯಿದೋಣಿ. ಇಂತಹ ದೋಣಿಗಳಲ್ಲಿ ಬಹು ಪ್ರಸಿದ್ಧವಾದುದು ಇಂಗ್ಲೆಂಡಿನ ‘ಮಿರರ್’.

ಹಾಯಿದೋಣಿಯ ವಿಹಾರವು ಶ್ರೀಮಂತರಿಗೆ ಮಾತ್ರ ಮೀಸಲಾಗಿದ್ದ ಆ ದೇಶದಲ್ಲಿ, ಸಾಮಾನ್ಯ ಸಂಸಾರಕ್ಕೂ ಎಟಕುವ ದೋಣಿಯೊಂದು ಬೇಕೆಂದು ‘ಡೈಲಿ ಮಿರರ್’ ಪತ್ರಿಕೆಯು ಬಯಸಿತು. ಬ್ಯಾರಿ ಬಕ್ನೆಲ್ ಮತ್ತು ಜಾಕ್ ಹೋಲ್ಟ್ ಎಂಬಿಬ್ಬರು ಸೇರಿ ಅದನ್ನು ರೂಪಿಸಿದರು. 1963ರಲ್ಲಿ ಅದು ಮಾರಾಟಕ್ಕೆ ಬಂದಿತು. ಬಕ್ನೆಲ್ ದೋಣಿ ಕಟ್ಟುವ ಕುಲಕಸುಬಿನವನಲ್ಲ. ಮನೆಯ ದುರಸ್ತಿಯನ್ನು ತಾವೇ ಮಾಡಿಕೊಳ್ಳುವುದು ಹೇಗೆಂದು ದೂರದರ್ಶನದಲ್ಲಿ ಜನರಿಗೆ ಕಲಿಸುತ್ತಿದ್ದವನು. ಆದುದರಿಂದಲೇ ಅವನಿಗೆ ಹೊಸ ಉಪಾಯ ಹೊಳೆಯಿತೆನ್ನಬಹುದು. ಪ್ಲೈವುಡ್ ಹಲಗೆಗಳನ್ನು ಅಳತೆಗೆ ಕತ್ತರಿಸಿ, ಅಂಚುಗಳಲ್ಲಿ ಸಣ್ಣ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿಯುವಂತೆ ಒಂದಕ್ಕೊಂದು ಹೊಲಿಯುವುದು. ಬಳಿಕ ಆ ಸಂದುಗಳ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ಅಂಟುದ್ರವದಿಂದ ಮೆತ್ತಿ ಗಟ್ಟಿಗೊಳಿಸುವುದು. ನುರಿತ ಬಡಗಿಯ ನೆರವಿಲ್ಲದೆ ಮನೆಯ ಅಂಗಳದಲ್ಲಿಯೇ ತಂದೆ ಮಕ್ಕಳು ಸೇರಿ ದೋಣಿಯನ್ನು ಕಟ್ಟಬಹುದಾಯಿತು. ಹೀಗೆ ಜಗತ್ತಿನಲ್ಲಿ 70,000ಕ್ಕೂ ಹೆಚ್ಚು ಮಿರರ್ ದೋಣಿಗಳು ನಿರ್ಮಾಣಗೊಂಡಿವೆ. ಉದ್ದ ಕೇವಲ 3.3 ಮೀಟರ್, ಹಾಯಿಯ ಬಣ್ಣ ಕೆಂಪು. ಗಾಳಿಯಿದ್ದರೆ ಹಾಯಿ, ಇಲ್ಲದಿದ್ದರೆ ಹುಟ್ಟು, ಬೇಕೆನಿಸಿದರೆ ಹಿಂಬದಿಗೆ ಸಣ್ಣದೊಂದು ಯಂತ್ರ. ಸಂಸಾರದ ವಿಹಾರ, ಮಕ್ಕಳ ಶಿಕ್ಷಣ, ಪಂದ್ಯ — ಮೂರಕ್ಕೂ ಅದೇ ದೋಣಿ ಸಾಕು.

ಗಾಳಿ ಬೀಸಿದತ್ತ ದೋಣಿ ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ನೀರಿನಲ್ಲಿ ಬಿದ್ದ ಒಣ ಎಲೆಯೂ ಹೋಗುತ್ತದೆ. ಗಾಳಿ ಬರುವ ದಿಕ್ಕಿನ ಕಡೆಗೇ ದೋಣಿಯು ಸಾಗುವುದು ಹೇಗೆ? ಇದರ ಗುಟ್ಟು ನೀರಿನ ಕೆಳಗಿದೆ. ದೋಣಿಯ ನಡುವೆ ಇರುವ ಸೀಳಿನ ಮೂಲಕ ತೆಳುವಾದ ಹಲಗೆಯೊಂದನ್ನು ಕತ್ತಿಯಂತೆ ನೀರಿಗೆ ಇಳಿಬಿಟ್ಟಿರುತ್ತಾರೆ. ಹಾಯಿಯನ್ನು ಓರೆಯಾಗಿ ಬಿಗಿದಾಗ ಗಾಳಿಯು ಅದರ ಎರಡು ಮೈಗಳ ಮೇಲೂ ಹರಿದು, ಹಕ್ಕಿಯ ರೆಕ್ಕೆಯನ್ನು ಮೇಲೆತ್ತುವಂತೆ ಹಾಯಿಯನ್ನು ಎಳೆಯುತ್ತದೆ. ಈ ಎಳೆತದ ಹೆಚ್ಚು ಪಾಲು ಪಕ್ಕಕ್ಕೆ, ಸ್ವಲ್ಪ ಪಾಲು ಮುಂದಕ್ಕೆ. ಪಕ್ಕಕ್ಕೆ ಜಾರುವುದನ್ನು ನೀರಿನೊಳಗಿನ ಹಲಗೆ ತಡೆಯುತ್ತದೆ. ಮುಂದಿನ ದಾರಿ ಮಾತ್ರ ತೆರೆದಿರುತ್ತದೆ. ಹಸಿಯಾದ ಹಲಸಿನ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಚಿಮ್ಮಿ ಮುಂದೆ ಹೋಗುವುದಿಲ್ಲವೆ? ಗಾಳಿ ಒಂದು ಬೆರಳು, ನೀರು ಇನ್ನೊಂದು ಬೆರಳು, ದೋಣಿಯೇ ಬೀಜ.

ಆದರೂ ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಅಂಶಗಳಷ್ಟು ಓರೆಯಾಗಿ ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುತ್ತ ಏರಬೇಕು. ಆಗುಂಬೆಯ ಘಾಟಿಯನ್ನು ಬಸ್ಸು ತಿರುವುಗಳಲ್ಲಿ ಹತ್ತುವ ರೀತಿಯೇ ಇದು. ದಾರಿ ಉದ್ದವಾದರೂ ತಲಪುವುದು ನಿಶ್ಚಯ. ದುಂಡು ತಳದ ಹರಿಗೋಲಿಗೆ ಹಾಯಿ ಕಟ್ಟಿದರೆ ಈ ಫಲ ದೊರೆಯದು. ಪಕ್ಕಕ್ಕೆ ಜಾರುವುದನ್ನು ತಡೆಯಲು ಅದರ ಕೆಳಗೆ ಏನೂ ಇಲ್ಲ.

ಇನ್ನು ಮಗುಚುವ ವಿಷಯ. ಬಲವಾದ ಗಾಳಿಗೆ ಡಿಂಗಿಯು ಸುಲಭವಾಗಿ ಪಕ್ಕಕ್ಕೆ ಉರುಳುತ್ತದೆ. ಕಂಬವೂ ಹಾಯಿಯೂ ನೀರಿನ ಮೇಲೆ ಮಲಗುತ್ತವೆ. ಆದರೆ ದೋಣಿಯ ಅಂಚುಗಳಲ್ಲಿ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿರುವುದರಿಂದ ಅದು ಮುಳುಗುವುದಿಲ್ಲ. ಲೈಫ್ ಜಾಕೆಟ್ ತೊಟ್ಟ ನಾವಿಕನು ಈಜಿ ಸುತ್ತಿಬಂದು, ಈಗ ನೀರಿನ ಮೇಲೆ ಅಡ್ಡಲಾಗಿ ಚಾಚಿರುವ ಆ ಕತ್ತಿಯಂತಹ ಹಲಗೆಯ ಮೇಲೆ ಭಾರ ಬಿಟ್ಟು, ಅಂಚನ್ನು ಹಿಡಿದು ಹಿಂದಕ್ಕೆ ವಾಲುತ್ತಾನೆ. ಹಾಯಿಯು ನೀರನ್ನು ಸುರಿಸುತ್ತ ಮೇಲೇಳುತ್ತದೆ. ಒಳಗೆ ನಿಂತ ನೀರನ್ನು ಎತ್ತಿ ಹೊರಚೆಲ್ಲಿ ಪಯಣ ಮುಂದುವರಿಸುವುದು. ಕಲಿಯುವ ಮಕ್ಕಳಿಂದ ದೋಣಿಯನ್ನು ಬೇಕೆಂದೇ ಮಗುಚಿಸಿ ಈ ಪಾಠವನ್ನು ಮೊದಲ ದಿನಗಳಲ್ಲೇ ಮಾಡಿಸುತ್ತಾರೆ. ದೋಣಿಯನ್ನು ಬಿಟ್ಟು ದಡದ ಕಡೆ ಈಜಬಾರದೆಂಬುದು ಆಗ ಕಲಿಸುವ ಇನ್ನೊಂದು ನಿಯಮ. ಈಜು ಬಲ್ಲವರೇ ದೂರವನ್ನು ತಪ್ಪಾಗಿ ಎಣಿಸಿ ಸೋಲುವುದು ಹೆಚ್ಚು; ಮಗುಚಿದ ದೋಣಿಯಾದರೂ ತೇಲುತ್ತಿರುತ್ತದೆ, ಹುಡುಕುವವರ ಕಣ್ಣಿಗೂ ಬೀಳುತ್ತದೆ.

ಮಕ್ಕಳಿಗೆಂದೇ ಇನ್ನೂ ಚಿಕ್ಕದಾದ ‘ಆಪ್ಟಿಮಿಸ್ಟ್’ ಎಂಬ ದೋಣಿಯುಂಟು. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ ಇದರ ಉದ್ದ 2.3 ಮೀಟರ್, ಒಂದೇ ಹಾಯಿ, ಒಬ್ಬನೇ ನಾವಿಕ. ಹದಿನೈದು ವರ್ಷದವರೆಗಿನ ಬಾಲಕ ಬಾಲಕಿಯರು ಇದರಲ್ಲಿ ಪಂದ್ಯವಾಡುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಈ ಕ್ರೀಡೆಯನ್ನು ಬೆಳೆಸಿದವರಲ್ಲಿ ಮುಖ್ಯರು. ಅವರ ತೃಷ್ಣಾ ಕ್ಲಬ್ಬಿನ ಆಶ್ರಯದಲ್ಲಿ ಕೃಷ್ಣರಾಜಸಾಗರದ ವಿಶಾಲ ಜಲರಾಶಿಯ ಮೇಲೆ ಪಂದ್ಯಗಳು ನಡೆದಿವೆ.

ಈ ವಿದ್ಯೆಗೆ ಕಡಲೇ ಬೇಕೆಂದು ತಿಳಿಯುವುದು ಸರಿಯಲ್ಲ. ಕಡಲಿನಿಂದ ಬಹುದೂರವಿರುವ ಭೋಪಾಲದ ದೊಡ್ಡ ಕೆರೆಯಲ್ಲಿ ಹಾಯಿ ಹಿಡಿಯಲು ಕಲಿತ ನೇಹಾ ಠಾಕೂರ್ ಎಂಬ ರೈತನ ಮಗಳು, 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಪಡೆದಳು. ಆಗ ಆಕೆಯ ವಯಸ್ಸು 17.

ಶಿವಮೊಗ್ಗ ಸೀಮೆಗೆ ನೀರಿನ ಬಡತನವೂ ಇಲ್ಲ. ಭದ್ರಾವತಿಗೆ ಮೇಲ್ಗಡೆ, ಲಕ್ಕವಳ್ಳಿಯ ಬಳಿ ಭದ್ರೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ಗುಡ್ಡಗಳ ನಡುವೆ ನೀರು ಹರಡಿಕೊಂಡಿದೆ. ಸಾಗರ ತಾಲ್ಲೂಕಿನ ಶರಾವತಿಯ ಹಿನ್ನೀರು ಅದಕ್ಕೂ ವಿಸ್ತಾರವಾದುದು. ಅದರ ದಡದ ಹೊನ್ನೇಮರಡುವಿನಲ್ಲಿ ತರುಣರು ಲೈಫ್ ಜಾಕೆಟ್ ತೊಟ್ಟು ನೀರಿನ ಸಾಹಸಗಳನ್ನು ಕಲಿಯುತ್ತ ಬಂದಿದ್ದಾರೆ. ಹಾಯಿದೋಣಿಗೆ ಒಪ್ಪುವುದು ಇಂತಹ ಆಳವಾದ, ಬಯಲಾದ ನೀರು. ಬೇಸಗೆಯ ತುಂಗೆಯಲ್ಲಿ ಅದರ ಹಲಗೆ ಮೊದಲ ಬಂಡೆಗೇ ತಾಗಿ ನಿಲ್ಲುತ್ತದೆ. ಅಲ್ಲಿ ಗೇಣು ನೀರಿನಲ್ಲೂ ಕಲ್ಲುಗಳನ್ನು ಸವರಿಕೊಂಡು ಜಾರಿಹೋಗಬಲ್ಲ ಹರಿಗೋಲಿಗೆ ಸಮನಾದ ದೋಣಿ ಇಂದಿಗೂ ಇನ್ನೊಂದಿಲ್ಲ.