ಹಿತ್ತಲ ಗರಿಕೆ, ಗಿನಿಪಿಗ್ ಮತ್ತು ಟೆಕ್ಸಾಸ್ ಬಿಸಿಲು

ಇವತ್ತಿನ ಸಂಚಿಕೆ ನಮ್ಮ ಹಿತ್ತಲಿನದು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆ ಇರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತೆ. ಬೇರೆ ಕಡೆ ಇರುವವರಿಗೆ ಹುಲ್ಲು ಅನ್ನೋ ಗಿಡದ ಬಗ್ಗೆ ಒಂದಿಷ್ಟು ಹೊಸ ವಿಷಯ ಸಿಗಬಹುದು.

ನಾಯಿ ಬೇಡ, ಬೆಕ್ಕು ಬೇಡ ಅಂದ ಮೇಲೆ ಮಕ್ಕಳ ಹಟಕ್ಕೆ ಮನೆಗೆ ಬರುವ ಪ್ರಾಣಿಗಳಲ್ಲಿ ಗಿನಿಪಿಗ್ ಒಂದು. ಅದು ಬಂದ ಮೇಲೆ ಮುಂದಿನ ಯೋಚನೆ ಸಹಜ. "ಹೇಗೂ ಹಿಂದುಗಡೆ ಲಾನ್ ಇದೆಯಲ್ಲ, ಅಲ್ಲೇ ಮೇಯಲಿ ಬಿಡಿ, ಮೂವರ್ ಓಡಿಸೋ ಕೆಲಸವೂ ಉಳಿಯುತ್ತೆ." ಯೋಚನೆ ತಪ್ಪೇನಲ್ಲ. ಆದರೆ ಟೆಕ್ಸಾಸ್‌ನಲ್ಲಿ ಒಂದು ತೊಡಕಿದೆ. ಇಲ್ಲಿನ ಹುಲ್ಲು ಚೆನ್ನಾಗಿ ಬೆಳೆಯುವ ಬಿಸಿಲಲ್ಲಿ ಗಿನಿಪಿಗ್ ಬದುಕೋದೇ ಕಷ್ಟ. ಎರಡು ಜೀವಗಳ ಕಾಲ ಒಂದಕ್ಕೊಂದು ಹೊಂದುವುದಿಲ್ಲ.

ಮೊದಲು ಪ್ರಾಣಿ. ಗಿನಿಪಿಗ್ ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳ ಹಾಗೆ ಇದೊಂದು ದಂಶಕ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳ ಹಿಂದೆ ಇದನ್ನು ಸಾಕಿ ಪಳಗಿಸಿದರು. ತಂಪು ಬೆಟ್ಟದ ಹುಲ್ಲುಗಾವಲು ಇದರ ತವರು. ಹಲ್ಲುಗಳು ಜೀವನಪೂರ್ತಿ ಬೆಳೀತಾನೇ ಇರುತ್ತವೆ, ಹಾಗಾಗಿ ನಾರಿನ ಹುಲ್ಲನ್ನು ಅಗಿದು ಸವೆಸಲೇಬೇಕು. ಹಸುವಿಗೆ ಹುಲ್ಲು ಹುದುಗುವುದು ಹೊಟ್ಟೆಯ ಮುಂಭಾಗದಲ್ಲಾದರೆ, ಇದಕ್ಕೆ ಹಿಂಭಾಗದ ಸೀಕಮ್ ಅನ್ನೋ ಕರುಳಿನ ಚೀಲದಲ್ಲಿ. ಅಲ್ಲಿ ತಯಾರಾದ ಪೋಷಕಾಂಶ ಪಡೆಯಲು ಇದು ತನ್ನ ಮೃದುವಾದ ಹಿಕ್ಕೆಯನ್ನು ತಾನೇ ತಿನ್ನುತ್ತೆ. ಮಕ್ಕಳು "ಛೀ" ಅಂದರೆ ಇದು ರೋಗವಲ್ಲ, ಎರಡನೇ ಸುತ್ತಿನ ಊಟ ಅಂತ ಹೇಳಿ.

ಇನ್ನೊಂದು ವಿಷಯದಲ್ಲಿ ಇದು ನಮ್ಮ ಹಾಗೇ. ಇದರ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಶ್, ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಸ್ಕರ್ವಿ ಬರುವುದನ್ನು ತೋರಿಸಿದರು. ಎಲೆಕೋಸಿನಂಥ ಹಸಿ ಆಹಾರ ಕೊಟ್ಟರೆ ಆ ಕಾಯಿಲೆ ಬರುತ್ತಿರಲಿಲ್ಲ. ಒಣಹುಲ್ಲಿನಲ್ಲಿ ಈ ವಿಟಮಿನ್ ಬಹುಪಾಲು ನಾಶವಾಗಿರುತ್ತೆ, ಹಸಿ ಹುಲ್ಲಿನಲ್ಲಿ ಇರುತ್ತೆ. ಹಾಗಾಗಿ ಲಾನ್ ಇದಕ್ಕೆ ಬರೀ ಆಟದ ಜಾಗ ಅಲ್ಲ.

ಈಗ ಹುಲ್ಲಿಗೆ ಬರೋಣ. ಗುಲಾಬಿ ಗಿಡದ ತುದಿ ಚಿವುಟಿದರೆ ಆ ಕೊಂಬೆಯ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತೆ. ಹುಲ್ಲಿನ ಎಲೆ ಹಾಗಲ್ಲ, ಅದು ಬುಡದಿಂದ ಬೆಳೆಯುತ್ತೆ. ಮೇಲಿನದನ್ನು ಮೇಯ್ದರೂ ಕೆಳಗಿನ ಕಾರ್ಖಾನೆ ನಡೀತಾ ಇರುತ್ತೆ. ಆದರೆ ಇದಕ್ಕೂ ಮಿತಿ ಇದೆ. 1955ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಫ್ರಾಂಕ್ಲಿನ್ ಕ್ರೈಡರ್ ಹಲವು ಹುಲ್ಲುಗಳ ಎಲೆ ಕತ್ತರಿಸಿ ಬೇರು ಏನು ಮಾಡುತ್ತೆ ಅಂತ ನೋಡಿದರು. ಅರ್ಧದವರೆಗೆ ಕತ್ತರಿಸಿದಾಗ ಬೇರು ಹೆಚ್ಚುಕಡಿಮೆ ಬೆಳೀತಾನೇ ಇತ್ತು. ಶೇಕಡಾ 80ರಷ್ಟು ತೆಗೆದಾಗ ಹಲವು ದಿನ ಪೂರ್ತಿ ನಿಂತೇಹೋಯಿತು. ಬೇರು ನಿಂತ ಹುಲ್ಲು ಬರಗಾಲದ ವಾರವನ್ನು ದಾಟೋದು ಕಷ್ಟ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ ಅನ್ನೋ ನಿಯಮ ಇದಕ್ಕೇ ಇರೋದು. ಮೂವರ್‌ಗೆ ಅನ್ವಯಿಸುವ ನಿಯಮ ಬಾಯಿಗೂ ಅನ್ವಯಿಸುತ್ತೆ.

ನಿಮ್ಮ ಹಿತ್ತಲಲ್ಲಿ ಯಾವ ಹುಲ್ಲಿದೆ ಅನ್ನೋದೂ ಮುಖ್ಯ. ಡಲ್ಲಾಸ್ ಕಡೆ ಬಹಳ ಕಾಣೋದು ಬರ್ಮುಡಾ. ಇದರ ವೈಜ್ಞಾನಿಕ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ನಮ್ಮ ಊರಿನ ಭಾಷೆಯಲ್ಲಿ ಹೇಳಬೇಕಂದ್ರೆ ಗರಿಕೆ! ಗಣೇಶನ ಹಬ್ಬಕ್ಕೆ ಹುಡುಕಿಕೊಂಡು ಹೋಗುವ ಅದೇ ಗರಿಕೆ ಇಲ್ಲಿ ಲಾನ್ ಆಗಿ ಮನೆ ಸುತ್ತ ಹಾಸಿಕೊಂಡಿದೆ. ಕೆಲವು ಕಡೆ ಹಾಕಿರೋದು ಅದರ ಮಿಶ್ರತಳಿ, ಅಷ್ಟೇ. ಗರಿಕೆಗೆ ನೆಲದ ಮೇಲೆ ಹರಿಯುವ ಕಾಂಡವೂ ಇದೆ, ನೆಲದೊಳಗೆ ಹರಿಯುವ ರೈಜೋಮ್ ಕೂಡ ಇದೆ. ಹೊಲದಲ್ಲಿ ಎಷ್ಟು ಕಿತ್ತರೂ ಮತ್ತೆ ಬರುತ್ತೆ ಅಂತ ರೈತರು ಬೈಯೋದು ಇದೇ ಗುಣಕ್ಕೆ. ಮೇಯಿಸೋರಿಗೆ ಅದು ವರ.

ಹ್ಯೂಸ್ಟನ್ನಿನ ಅಗಲ ಎಲೆಯ ಸೇಂಟ್ ಅಗಸ್ಟೀನ್ ಹುಲ್ಲಿಗೆ ಈ ವರ ಇಲ್ಲ. ಅದರ ಕಾಂಡ ನೆಲದ ಮೇಲಷ್ಟೇ ಹರಿಯುತ್ತೆ. ಆ ಕಾಂಡವನ್ನೇ ಕಡಿದರೆ ಚೇತರಿಸಿಕೊಳ್ಳಲು ಒಳಗೆ ಉಳಿತಾಯ ಇರೋದಿಲ್ಲ. ಆದ್ದರಿಂದ ಅದನ್ನು ಮೂರು ಇಂಚಿನಷ್ಟು ಎತ್ತರ ಬಿಟ್ಟು, ಮೇಲಿನ ಒಂದು ಇಂಚು ಹೋಗುತ್ತಿದ್ದ ಹಾಗೇ ಪ್ರಾಣಿಯನ್ನು ಜಾಗ ಬದಲಿಸಿ. ಇನ್ನು ಆಸ್ಟಿನ್. ಅಲ್ಲಿನ ಲೇಡಿ ಬರ್ಡ್ ಜಾನ್ಸನ್ ವೈಲ್ಡ್‌ಫ್ಲವರ್ ಸೆಂಟರ್‌ನವರು ಬಫಲೋ ಗ್ರಾಸ್, ಬ್ಲೂ ಗ್ರಾಮಾ, ಕರ್ಲಿ ಮೆಸ್ಕೀಟ್ ಎಂಬ ಮೂರು ನಾಡಹುಲ್ಲುಗಳನ್ನು ಸೇರಿಸಿ ಹ್ಯಾಬಿಟರ್ಫ್ ಅನ್ನೋ ಲಾನ್ ಮಿಶ್ರಣ ರೂಪಿಸಿದ್ದಾರೆ. ನೀರು ಕಡಿಮೆ ಸಾಕು. ಆದರೆ ಮೇಯ್ದ ಮೇಲೆ ನಿಧಾನವಾಗಿ ಚಿಗುರುತ್ತೆ, ಹೆಚ್ಚು ವಿಶ್ರಾಂತಿ ಬೇಕು.

ಮಣ್ಣಿನ ಬಗ್ಗೆಯೂ ಒಂದು ಮಾತು. ಡಲ್ಲಾಸ್‌ನಿಂದ ಆಸ್ಟಿನ್ನಿನ ಪೂರ್ವ ಭಾಗದವರೆಗೆ ಹಬ್ಬಿರುವ ಕಪ್ಪು ಜೇಡಿಮಣ್ಣು ಗದಗ, ವಿಜಯಪುರದ ಎರೆಮಣ್ಣಿನ ಹತ್ತಿರದ ನೆಂಟ. ಎರಡೂ ವರ್ಟಿಸಾಲ್ ಎಂಬ ಒಂದೇ ವರ್ಗ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಒದ್ದೆ ಇದ್ದಾಗ ತುಳಿದರೆ ಗಟ್ಟಿಯಾಗಿ ಬೇರಿಗೆ ಉಸಿರಾಡೋಕೆ ಆಗಲ್ಲ. ಒಂದು ಕಿಲೋ ತೂಕದ ಪ್ರಾಣಿಗಿಂತ ಅದರ ಹಿಂದೆ ಓಡಾಡುವ ನಮ್ಮ ಕಾಲುಗಳದ್ದೇ ಹೆಚ್ಚಿನ ಹಾನಿ. ಮಳೆ ಬಂದ ಮರುದಿನ ರಜೆ ಕೊಡಿ.

ಹಾಗಾದ್ರೆ ಮೇಯಿಸೋದು ಹೇಗೆ? ಬಯಲುಸೀಮೆಯಲ್ಲಿ ಕುರಿ ಮಂದೆಯನ್ನು ಹೊಲದಲ್ಲಿ ನಿಲ್ಲಿಸೋದನ್ನು ನೋಡಿದ್ದೀರಾ? ಇವತ್ತು ಈ ಮೂಲೆ, ನಾಳೆ ಆ ಮೂಲೆ. ಗೊಬ್ಬರ ಎಲ್ಲಾ ಕಡೆ ಸಮನಾಗಿ ಬೀಳುತ್ತೆ. ಹಿತ್ತಲಲ್ಲೂ ಅದೇ ಲೆಕ್ಕ. ಮುಚ್ಚಳ ಇರುವ ಹಗುರವಾದ ತಂತಿಗೂಡನ್ನು ದಿನಾ ಸರಿಸಿ. ಒಂದು ಜಾಗಕ್ಕೆ ಮರಳಿ ಬರೋದು ಹುಲ್ಲು ಮೊದಲಿನ ಎತ್ತರಕ್ಕೆ ಬಂದ ಮೇಲೆ. ಹಿಕ್ಕೆ ನಿಧಾನವಾಗಿ ಕರಗುವ ಗೊಬ್ಬರ, ಭಯವಿಲ್ಲ. ಮೂತ್ರದ ಸಾರಜನಕ ಮಾತ್ರ ಒಂದೇ ಕಡೆ ಸೇರಿದರೆ ಹುಲ್ಲನ್ನು ಸುಡುತ್ತೆ. ಗೂಡು ಎತ್ತಿದ ಮೇಲೆ ಆ ಜಾಗಕ್ಕೆ ಒಂದು ಕ್ಯಾನ್ ನೀರು ಹಾಕಿ. ಹೊಸದಾಗಿ ಬಿಡುವಾಗ ಹತ್ತು, ಹದಿನೈದು ನಿಮಿಷದಿಂದ ಶುರು ಮಾಡಿ. ಒಮ್ಮೆಗೇ ಹಸಿ ಹುಲ್ಲು ಹೆಚ್ಚಾದರೆ ಹೊಟ್ಟೆ ಕೆಡುತ್ತೆ. ಲಾನ್‌ನಲ್ಲಿ ಎಷ್ಟೇ ಮೇಯ್ದರೂ ಗೂಡಿನಲ್ಲಿ ಒಣಹುಲ್ಲು ಸದಾ ಇರಲೇಬೇಕು.

ಈಗ ಪ್ರಾಣಕ್ಕೆ ಸಂಬಂಧಿಸಿದ ನಾಲ್ಕು ಮಾತು.

ಒಂದು, ಬಿಸಿ. ಗಿನಿಪಿಗ್ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಸುಮಾರು 26 ಡಿಗ್ರಿ ಸೆಲ್ಸಿಯಸ್, ಅಂದ್ರೆ 80 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದರೆ ಒಳಗೆ ಕರೆದುಕೊಳ್ಳಿ. ಮೈ ಚಾಚಿ ಮಲಗಿ ಬೇಗ ಬೇಗ ಉಸಿರಾಡುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ ಅದು ಬಿಸಿಲ ಆಘಾತ. ನೆರಳಿಗೆ ತಂದು, ತಣ್ಣನೆ ನೀರಿನಿಂದ ಮೈ ಒದ್ದೆ ಮಾಡಿ, ತಕ್ಷಣ ಪಶುವೈದ್ಯರ ಹತ್ತಿರ ಓಡಿ. ಐಸ್ ನೀರು ಬೇಡ.

ಎರಡು, ಬೆಂಕಿ ಇರುವೆ. ದಕ್ಷಿಣ ಅಮೆರಿಕದಿಂದ ಅಲಬಾಮಾದ ಮೊಬೀಲ್ ಬಂದರಿನ ಮೂಲಕ ಬಂದು ಟೆಕ್ಸಾಸ್‌ಗೆ ಹರಡಿದ ಇರುವೆ ಇದು. ಗೂಡಿನಲ್ಲಿ ಸಿಕ್ಕಿಕೊಂಡ ಸಣ್ಣ ಪ್ರಾಣಿಗೆ ಓಡಿಹೋಗಲು ದಾರಿ ಇರಲ್ಲ, ಹಿಂಡಾಗಿ ಕಚ್ಚಿದರೆ ಸಾವೂ ಬರಬಹುದು. ಬಿಡುವ ಮುಂಚೆ ಪ್ರತಿ ಸಲ ನೆಲ ನೋಡಿ. ಹುತ್ತ ಕಂಡರೆ ಆ ಕಡೆ ಬಿಡಲೇಬೇಡಿ. ವಿಷ ಬೇಡ ಅನ್ನುವವರು ಮೂರು ಗ್ಯಾಲನ್‌ನಷ್ಟು ಕುದಿಯುವ ನೀರು ಸುರಿಯುತ್ತಾರೆ. ಎಲ್ಲ ಹುತ್ತಗಳೂ ಸಾಯೋದಿಲ್ಲ, ಸುತ್ತಲಿನ ಹುಲ್ಲೂ ಸಾಯುತ್ತೆ, ಆದರೆ ರಾಸಾಯನಿಕ ಉಳಿಯೋದಿಲ್ಲ.

ಮೂರು, ಔಷಧಿ. ಕಳೆನಾಶಕವೂ ಗೊಬ್ಬರವೂ ಸೇರಿದ "ವೀಡ್ ಅಂಡ್ ಫೀಡ್" ಚೀಲ, ಹುಳುವಿನ ಪುಡಿ ಹಾಕಿದ ಲಾನ್ ಮೇಯಲು ಅಲ್ಲ. ಲಾನ್ ಕೆಲಸದವರು ಬರುತ್ತಿದ್ದರೆ ಏನು ಸಿಂಪಡಿಸಿದರು ಅಂತ ಕೇಳಿ. ಮೇಯಿಸೋಕೆ ಅಂತಲೇ ಒಂದು ಪಟ್ಟಿಯನ್ನು ಬೇರೆ ಇಟ್ಟು, ಅಲ್ಲಿ ಏನೂ ಹಾಕದೇ ಇರೋದು ಉತ್ತಮ.

ನಾಲ್ಕು, ಬೇಲಿಯ ಗಿಡಗಳು ಮತ್ತು ಆಕಾಶ. ನಮ್ಮ ಕಣಗಿಲೆಯೇ ಇಲ್ಲಿನ ಒಲಿಯಾಂಡರ್. ಹ್ಯೂಸ್ಟನ್ ಪಕ್ಕದ ಗ್ಯಾಲ್ವೆಸ್ಟನ್ ಅಂತೂ ಒಲಿಯಾಂಡರ್ ನಗರ ಅಂತಲೇ ಹೆಸರುವಾಸಿ. ಅದರ ಎಲೆ ಮಾರಕ ವಿಷ, ಉದುರಿದ ಒಣ ಎಲೆಯೂ ಅಷ್ಟೇ. ಲಂಟಾನ ಕೂಡ ಬೇಡ. ಮೇಲೆ ಗಿಡುಗ ಸುತ್ತುತ್ತಿರುತ್ತೆ, ಮುಚ್ಚಳ ಮರೆಯಬೇಡಿ.

ಕೊನೆಗೆ, ಮೊದಲು ಹೇಳಿದ ತೊಡಕು. ಗರಿಕೆ, ಸೇಂಟ್ ಅಗಸ್ಟೀನ್, ಬಫಲೋ ಗ್ರಾಸ್ ಮೂರೂ ಸಿ-4 ಎಂಬ ವಿಧಾನದಿಂದ ಬೆಳಕನ್ನು ಆಹಾರ ಮಾಡಿಕೊಳ್ಳುತ್ತವೆ. 30 ಡಿಗ್ರಿ ದಾಟಿದಾಗ ಅವಕ್ಕೆ ಹಬ್ಬ. ಜುಲೈ, ಆಗಸ್ಟಿನಲ್ಲಿ ಬೆಳಗಿನ ಆರು ಗಂಟೆಗೇ 24, 25 ಡಿಗ್ರಿ ಇರುವಾಗ ಗಿನಿಪಿಗ್‌ಗೆ ಹೊರಗೆ ಜಾಗವಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಊರಲ್ಲಿ ಹಸುವಿಗೆ ಮಾಡುವ ಹಾಗೆ ಹುಲ್ಲನ್ನು ಕೊಯ್ದು ತಂದು ಹಾಕಿ. ಕತ್ತರಿಯಲ್ಲಿ ಕತ್ತರಿಸಿ, ಕೂಡಲೇ ಕೊಡಿ. ಮೂವರ್‌ನ ಚೀಲದ್ದು ಮಾತ್ರ ಬೇಡ. ಜಜ್ಜಿದ ಹುಲ್ಲು ಬೇಗ ಬಿಸಿಯಾಗಿ ಹುದುಗುತ್ತೆ, ಹೊಟ್ಟೆ ಉಬ್ಬರಿಸುತ್ತೆ.

ಲಾನ್‌ಗೂ ಪ್ರಾಣಿಗೂ ಒಟ್ಟಿಗೆ ಹಿತವಾದ ಕಾಲ ಮಾರ್ಚ್, ಏಪ್ರಿಲ್, ಮತ್ತೆ ಅಕ್ಟೋಬರ್, ನವೆಂಬರ್. ಡಲ್ಲಾಸ್‌ನಲ್ಲಿ ಹಿಮ ಬಿದ್ದ ಮೇಲೆ ಗರಿಕೆ ಕಂದಾಗಿ ನಿದ್ದೆಗೆ ಹೋಗುತ್ತೆ. ಅದು ಸತ್ತಿಲ್ಲ, ಹೆಚ್ಚು ನೀರು ಹಾಕಬೇಡಿ. ಚಳಿಗಾಲಕ್ಕೂ ಹಸಿರು ಬೇಕಂದ್ರೆ ಅಕ್ಟೋಬರ್‌ನಲ್ಲಿ ಗರಿಕೆಯ ಒಂದು ಸಣ್ಣ ಪಟ್ಟಿಯ ಮೇಲೆ ರೈ ಹುಲ್ಲಿನ ಬೀಜ ಎರಚಿ. ಔಷಧಿ ಲೇಪಿಸದ ಬೀಜವೇ ಆಗಿರಲಿ. ಸೇಂಟ್ ಅಗಸ್ಟೀನ್ ಮೇಲೆ ಇದನ್ನು ಮಾಡಬೇಡಿ, ವಸಂತದಲ್ಲಿ ಅದು ಚಿಗುರುವಾಗ ರೈ ಪೈಪೋಟಿಗೆ ನಿಲ್ಲುತ್ತೆ.

ಈ ವಾರ ಒಂದು ಕೆಲಸ ಮಾಡಿ. ಮಕ್ಕಳನ್ನು ಕರೆದುಕೊಂಡು ಹಿತ್ತಲಿಗೆ ಹೋಗಿ, ನಿಮ್ಮ ಹುಲ್ಲಿನ ಒಂದು ಎಳೆಯನ್ನು ಬುಡದಿಂದ ಬಿಡಿಸಿ ನೋಡಿ. ಕಾಂಡ ನೆಲದ ಒಳಗೂ ಹೋಗಿದೆಯಾ, ಬರೀ ಮೇಲೇ ಇದೆಯಾ? ಎಷ್ಟು ಮೇಯಿಸಬಹುದು ಅನ್ನೋದು ಅಲ್ಲಿಂದಲೇ ಗೊತ್ತಾಗುತ್ತೆ.