ಹೆಳವನ ಹೊತ್ತಿಗೆಯೂ ಮದುವೆಯ ಹಂದರವೂ

ಸುಗ್ಗಿ ಮುಗಿದು ಕಣದ ರಾಶಿ ಮನೆ ಸೇರಿದ ದಿನಗಳು. ಮೂಡಲು ಇನ್ನೂ ಕೆಂಪೇರಿಲ್ಲ. ಹಾನಗಲ್ಲ ಸೀಮೆಯ ಹಳ್ಳಿಯೊಂದರ ಓಣಿಯಲ್ಲಿ ಗಂಟೆಯ ನಾದ ಕೇಳಿಬರುತ್ತದೆ. ಒಕ್ಕಲು ಮನೆಯೊಂದರ ಕಟ್ಟೆಯ ಮುಂದೆ ಎತ್ತು ಬಂದು ನಿಲ್ಲುತ್ತದೆ. ಅದರ ಬೆನ್ನಿನ ಮೇಲೆ, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು ಕುಳಿತ ಮನುಷ್ಯ ದನಿಯೆತ್ತಿ ಮನೆಯ ಯಜಮಾನನ ಹೆಸರು ಹೇಳುತ್ತಾನೆ. ಬಳಿಕ ಯಜಮಾನನ ತಂದೆಯ ಹೆಸರು. ತಂದೆಯ ತಂದೆಯ ಹೆಸರು. ಆ ಹಿರಿಯನಿಗೆ ಎಷ್ಟು ಜನ ಗಂಡುಮಕ್ಕಳು, ಅವರಲ್ಲಿ ಯಾರು ಊರಲ್ಲಿ ಉಳಿದರು, ಯಾರು ಬರಗಾಲದಲ್ಲಿ ವರದಾ ನದಿಯನ್ನು ದಾಟಿ ಹೋದರು ಎಂಬ ವೃತ್ತಾಂತ. ಒಳಗಿನಿಂದ ಮುದುಕಿಯೊಬ್ಬಳು ಮೊರದ ತುಂಬ ಭತ್ತ ತಂದು ಸುರಿಯುತ್ತ, "ಹೆಳವಪ್ಪಾ, ಹೋದ ವರ್ಷ ಮೊಮ್ಮಗ ಹುಟ್ಯಾನ. ಅವನ ಹೆಸರೂ ಬರಕೋಪಾ" ಎನ್ನುತ್ತಾಳೆ.

ಎರಡು ತಲೆಮಾರುಗಳ ಹಿಂದೆ ಈ ಸೀಮೆಯಲ್ಲಿ ಇಂಥ ನೋಟ ವಿರಳವಾಗಿರಲಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು — ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದ ಈ ನಾಲ್ಕು ತಾಲೂಕುಗಳು 1997ರಿಂದ ಹಾವೇರಿ ಜಿಲ್ಲೆಯವು. ಒಂದು ಕಡೆ ಮಲೆನಾಡಿನ ಸೆರಗಿನ ಭತ್ತದ ಗದ್ದೆ, ಇನ್ನೊಂದು ಕಡೆ ಬಯಲುಸೀಮೆಯ ಹತ್ತಿ ಜೋಳಗಳ ಎರೆಹೊಲ. ಸವಣೂರಂತೂ 1948ರವರೆಗೆ ನವಾಬರ ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಆದರೆ ಆಳುವವರು ಎಳೆದ ಗಡಿಗಳನ್ನು ಮದುವೆಯ ದಿಬ್ಬಣಗಳು ಎಂದೂ ಲೆಕ್ಕಿಸಲಿಲ್ಲ. ಹೆಣ್ಣು ಕೊಟ್ಟು ಹೆಣ್ಣು ತಂದು ಈ ನಾಲ್ಕು ಸೀಮೆಗಳ ಒಕ್ಕಲು ಮನೆತನಗಳು ಒಂದೇ ಬಲೆಯ ಗಂಟುಗಳಂತೆ ಹೆಣೆದುಕೊಂಡಿವೆ. ಆ ಬಲೆಯ ಎಳೆಗಳನ್ನು ನೆನಪಿಟ್ಟುಕೊಂಡವರು ಯಾರು?

ಅರಸರಿಗೆ ಶಾಸನ, ಒಕ್ಕಲಿಗೆ ಹೆಳವ

ಅರಸರ ವಂಶಾವಳಿಯನ್ನು ಕಲ್ಲಿನ ಮೇಲೆ ಕೆತ್ತಿಸುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಹಾನಗಲ್ಲಿನಿಂದ ಆಳಿದ ಕದಂಬರ ಹೆಸರುಗಳು ಶಾಸನಗಳಲ್ಲಿ ಉಳಿದಿವೆ. ಕಾದಿ ಮಡಿದ ವೀರರಿಗೆ ವೀರಗಲ್ಲುಗಳಿವೆ. ಆದರೆ ನೇಗಿಲು ಹಿಡಿದವನ ಅಜ್ಜನ ಹೆಸರನ್ನು ಯಾವ ಕವಿ ಬರೆದಾನು? ಆ ಕೆಲಸವನ್ನು ವಹಿಸಿಕೊಂಡವರು ಹೆಳವರು.

'ಹೆಳವ' ಎಂದರೆ ಕುಂಟ ಎಂದು ಅರ್ಥ. ತಮ್ಮ ಮೂಲವನ್ನು ಬಸವಣ್ಣನವರ ಕಾಲಕ್ಕೆ ಜೋಡಿಸಿ ಹೇಳುವ ಐತಿಹ್ಯವೂ ಅವರಲ್ಲುಂಟು. ಕಾಲಿಗೆ ಊನವಿರಲಿ ಇಲ್ಲದಿರಲಿ, ಎತ್ತಿನ ಮೇಲೆ ಕುಳಿತು ಕಂಬಳಿಯಿಂದ ಕಾಲು ಮುಚ್ಚಿಕೊಳ್ಳುವುದು ಆ ವೃತ್ತಿಯ ವೇಷವಾಗಿದ್ದಿತು. ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ವಿದ್ವಾಂಸನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬೃಹದ್ಗ್ರಂಥದಲ್ಲಿಯೂ ಬಳ್ಳಾರಿ ಸೀಮೆಯ ಹೆಳವರು ಇದೇ ರೂಪದಲ್ಲಿಯೇ, ಹಳ್ಳಿಗಳ ಚರಿತ್ರೆಯನ್ನು ಕಾಪಾಡುವವರಾಗಿ ಕಾಣಿಸಿಕೊಳ್ಳುತ್ತಾರೆ. ಇಂತಿಂಥ ಮನೆತನಗಳು ಇಂತಿಂಥ ಹೆಳವರಿಗೆ ಎಂಬ ಹಂಚಿಕೆ ತಲೆತಲಾಂತರದಿಂದ ನಡೆದುಬಂದುದು. ಬಾಯಿಪಾಠದ ಜೊತೆಗೆ ತಾಮ್ರಪಟ, ಓಲೆಗರಿ, ಕೊನೆಗೆ ಕಾಗದದ ಹೊತ್ತಿಗೆಗಳು ಬಂದವು. ಹೊಸ ಹೆಸರುಗಳನ್ನು ಸೇರಿಸಿ, ಹಳೆಯವನ್ನು ಓದಿ ಹೇಳಿ, ಕಾಳುಕಡಿ, ಬಟ್ಟೆ, ಉಳ್ಳವರ ಮನೆಯಲ್ಲಿ ಆಕಳು ಕರುವನ್ನೂ ಪಡೆದು ಅವರು ಮುಂದಿನ ಊರಿಗೆ ಸಾಗುತ್ತಿದ್ದರು.

ಮನೆತನದ ಮೂಲಪುರುಷ ಯಾರು, ಮೂಲ ಊರು ಯಾವುದು, ಮನೆದೇವರು ಯಾವುದು, ಬೆಡಗು ಯಾವುದು — ಇವು ಹೊತ್ತಿಗೆಯ ಮುಖ್ಯ ವಿಷಯಗಳು. ಧಾತು ಸಂವತ್ಸರದಲ್ಲಿ, ಅಂದರೆ 1876ರಿಂದ ಆರಂಭವಾದ ಮಹಾಕ್ಷಾಮದಲ್ಲಿ, ಧಾರವಾಡ ಜಿಲ್ಲೆ ಬಹಳವಾಗಿ ನೊಂದಿತು. ಅಂಥ ಬರಗಳಲ್ಲಿ ಊರು ಬಿಟ್ಟು ಚದರಿಹೋದ ಅಣ್ಣತಮ್ಮಂದಿರ ಮಕ್ಕಳಿಗೆ ತಾವು ಒಂದೇ ಬೇರಿನವರೆಂಬ ಅರಿವನ್ನು ಹೆಳವನ ಬಾಯಿಯೇ ಉಳಿಸಿಕೊಟ್ಟಿತು. ಈ ಭಾಗದ ಅಡ್ಡಹೆಸರುಗಳೂ ಇದಕ್ಕೆ ಸಾಕ್ಷಿ. ಪಾಟೀಲ, ದೇಸಾಯಿ, ನಾಡಿಗೇರ ಎಂಬವು ಅಧಿಕಾರದ ನೆನಪು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬವು ಹೊಲದ ನೆನಪು. ಇನ್ನು ಸವಣೂರ, ಹಾನಗಲ್ಲ ಎಂಬ ಅಡ್ಡಹೆಸರು ಹೊತ್ತವನು ಬಹುಮಟ್ಟಿಗೆ ಆ ಊರು ಬಿಟ್ಟು ಬಂದವನು. ತನ್ನ ಊರಿನಲ್ಲಿಯೇ ಇರುವವನನ್ನು ಊರಿನ ಹೆಸರಿನಿಂದ ಯಾರೂ ಕರೆಯುವುದಿಲ್ಲವಷ್ಟೆ!

ಅಣ್ಣತಮ್ಮಿಕೆಯೋ ಬೀಗತನವೋ?

ಹೊತ್ತಿಗೆಯ ನಿಜವಾದ ಬೆಲೆ ತಿಳಿಯುತ್ತಿದ್ದುದು ಮನೆಯಲ್ಲಿ ಮದುವೆಯ ಮಾತು ಹುಟ್ಟಿದಾಗ. ಕನ್ಯೆ ನೋಡಲು ಹೋದ ಹಿರಿಯರು ಎಲೆ ಅಡಿಕೆ ಮೆಲ್ಲುತ್ತ ಮಳೆ ಬೆಳೆಯ ಮಾತನ್ನೆಲ್ಲ ಮುಗಿಸಿದ ಮೇಲೆ, "ನಿಮ್ಮ ಬೆಡಗು ಯಾವುದ್ರೀ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆಡಗು ಒಂದೇ ಆದರೆ ಹುಡುಗ ಹುಡುಗಿಯರು ಅಣ್ಣತಂಗಿಯರು. ಮಾತು ಅಲ್ಲಿಗೆ ನಿಂತಿತು. ಬೆಡಗು ಬೇರೆಯಾದರೆ ಬೀಗತನಕ್ಕೆ ದಾರಿ ತೆರೆಯಿತು. ಲಿಂಗಾಯತ, ಕುರುಬ ಮೊದಲಾಗಿ ಈ ಸೀಮೆಯ ಅನೇಕ ಸಮಾಜಗಳಲ್ಲಿ ಈ ನಿಯಮ ಇಂದಿಗೂ ಬಲವಾಗಿದೆ.

ಈ ನಿಯಮದ ಒಂದು ವಿಚಿತ್ರವನ್ನು ಓದುಗರು ಗಮನಿಸಬೇಕು. ಹಾನಗಲ್ಲಿನ ಹುಡುಗನಿಗೂ ಹಿರೇಕೆರೂರಿನ ಹುಡುಗಿಗೂ ಹತ್ತು ತಲೆಮಾರಿನಿಂದ ಯಾವ ಸಂಬಂಧವೂ ತಿಳಿದಿಲ್ಲ. ಆದರೂ ಬೆಡಗು ಒಂದೇ ಎಂಬ ಕಾರಣಕ್ಕೆ ಅವರ ಮದುವೆ ಕೂಡದು. ಅದೇ ಹುಡುಗ ತನ್ನ ಸ್ವಂತ ಅಕ್ಕನ ಮಗಳನ್ನು ಮದುವೆಯಾಗುವುದಾದರೆ ಊರೆಲ್ಲ ಸಂತೋಷಪಡುತ್ತದೆ. ಸೋದರಮಾವನ ಮಗಳು, ಸೋದರತ್ತೆಯ ಮಗಳು ಎಂದರೆ ಬಾಲ್ಯದಿಂದಲೇ ಗೊತ್ತಾದ ಸಂಬಂಧ. ಹೊಲ ಹಂಚಿಹೋಗಬಾರದು, ಹೆಣ್ಣು ಪರರ ಮನೆಯಲ್ಲಿ ಕಣ್ಣೀರಿಡಬಾರದು ಎಂಬ ಹಿರಿಯರ ಕಳಕಳಿ ಇದರ ಹಿಂದೆ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ತಂದೆಯ ಕಡೆಯ ಹತ್ತು ತಲೆಮಾರುಗಳನ್ನು ಶೋಧಿಸುವ ಕಣ್ಣು ತಾಯಿಯ ಕಡೆಯ ಒಂದು ತಲೆಮಾರನ್ನೂ ಕಾಣದೆ ಹೋದುದು ಹೇಗೆ? ಅದಕ್ಕೆ ಉತ್ತರ ಸಿಗಬೇಕಾದರೆ ಹಂದರದ ಕೆಳಗೆ ಹೋಗಬೇಕು.

ಹಂದರದ ಕೆಳಗೆ

ಒಕ್ಕಲು ಮನೆಯ ಮದುವೆಗೆ ಬೇಸಗೆಯೇ ಕಾಲ. ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿರುತ್ತದೆ. ಮುಂಗಾರು ಮಳೆಗೆ ಇನ್ನೂ ಬಿಡುವಿರುತ್ತದೆ. ಹಾಲುಗಂಬ ನೆಟ್ಟು ಹಂದರ ಹಾಕಿದೊಡನೆ ಮನೆಯ ಆಡಳಿತ ಗಂಡಸರ ಕೈಯಿಂದ ಮೆಲ್ಲನೆ ಜಾರುತ್ತದೆ. ಕುಂಬಾರರ ಮನೆಯಿಂದ ಬಣ್ಣ ಬಳಿದ ಐರಾಣಿ ಗಡಿಗೆಗಳನ್ನು ಬಾಜಾಬಜಂತ್ರಿಯೊಡನೆ ತರುವವರು ಮುತ್ತೈದೆಯರು. ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಸುರಗಿಯ ನೀರೆರೆಯುವವರೂ ಅವರೇ. ಅರಿಶಿನ ಹಚ್ಚುವಾಗ ಸೋಬಾನದ ಹಾಡು ಏಳುತ್ತದೆ. ತವರುಮನೆ, ಅಣ್ಣತಮ್ಮಂದಿರು, ತಾಯಿಯ ಬಳಗ — ಇವೇ ಆ ಹಾಡುಗಳ ಜೀವಾಳ.

ಬಾಸಿಂಗ ಕಟ್ಟಿದ ವಧೂವರರ ಮೇಲೆ ಅಕ್ಕಿಕಾಳು ಬಿದ್ದ ಗಳಿಗೆಯೇ ಮದುವೆಯ ಗಳಿಗೆ. ಆ ಕಾರ್ಯಗಳಲ್ಲೆಲ್ಲ ಸೋದರಮಾವನಿಗೆ ವಿಶೇಷವಾದ ಸ್ಥಾನವಿದೆ. ತಾಯಿಯ ಕಡೆಯವನು ಇಲ್ಲದೆ ಹಂದರ ತುಂಬದು. ಭೂಮದ ಊಟಕ್ಕೆ ಮದುಮಕ್ಕಳನ್ನು ಒಂದೇ ಎಲೆಗೆ ಕೂರಿಸಿ, ಒಡಪು ಹೇಳದೆ ತುತ್ತಿಲ್ಲವೆಂದು ಕಾಡಿಸುವ ಹೆಂಗಸರ ಗದ್ದಲದಲ್ಲಿ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದ ಸೊಸೆ ಪ್ರಾಸದ ಮರೆಯಲ್ಲಿ ಆ ಹೆಸರನ್ನು ಮೊದಲ ಸಲ ಉಚ್ಚರಿಸುತ್ತಾಳೆ. ಹಂದರದ ಒಂದು ಮೂಲೆಯಲ್ಲಿ ಅಕ್ಷರ ಬಲ್ಲವನೊಬ್ಬ ವಹಿ ಬಿಚ್ಚಿಕೊಂಡು ಮುಯ್ಯಿ ಬರೆಯುತ್ತಿರುತ್ತಾನೆ: ಯಾವ ಊರಿನ ಯಾರು, ಕೊಟ್ಟದ್ದು ಏನು. ಮುಂದೆ ಅವರ ಮನೆಯ ಮದುವೆಯಲ್ಲಿ ಅದನ್ನು ತಿರುಗಿಸಬೇಕಲ್ಲ! ಅಂಥ ವಹಿಯನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿರಿಸುವವಳು ಮನೆಯ ಹಿರಿಯ ಹೆಂಗಸು.

ಹೊತ್ತಿಗೆಯಲ್ಲಿಲ್ಲದ ಅರ್ಧ

ಇಲ್ಲಿಯೇ ರಹಸ್ಯವಿದೆ. ವಂಶವೃಕ್ಷ ತಂದೆಯಿಂದ ಮಗನಿಗೆ ಕವಲೊಡೆಯುತ್ತದೆ. ಮಗಳನ್ನು ಕೊಟ್ಟ ಊರಿಗೆ ಬಂದು ಆ ಕವಲು ನಿಲ್ಲುತ್ತದೆ. ಅವಳ ಮಕ್ಕಳು ಬೇರೊಂದು ಮನೆತನದ, ಬೇರೊಬ್ಬ ಹೆಳವನ ಹೊತ್ತಿಗೆಗೆ ಸೇರುತ್ತಾರೆ. ಹೀಗಾಗಿ ತಾಯಿಯ ತಾಯಿ ಯಾವ ಊರಿನವಳು, ಅವಳ ತವರಿನ ಬೆಡಗು ಯಾವುದು, ಅವಳ ಎಷ್ಟು ಕೂಸುಗಳು ಉಳಿದವು ಎಂಬ ಚರಿತ್ರೆಯೆಲ್ಲ ಉಳಿದುದು ಹೆಂಗಸರ ನೆನಪಿನಲ್ಲಿ, ಹಾಡಿನಲ್ಲಿ, ಮುಯ್ಯಿಯ ವಹಿಯಲ್ಲಿ. ಮನೆತನದ ಚರಿತ್ರೆಯ ಅರ್ಧ ಹೆಳವನ ಚೀಲದಲ್ಲಿದ್ದರೆ ಇನ್ನರ್ಧ ಅಜ್ಜಿಯ ನಾಲಗೆಯ ಮೇಲೆ ಇದ್ದಿತು.

ಈ ಇನ್ನರ್ಧದ ಬೆಲೆಯನ್ನು ಇಂದು ವಿಜ್ಞಾನವೂ ಕಾನೂನೂ ಎತ್ತಿ ತೋರಿಸುತ್ತಿವೆ. ಆನುವಂಶಿಕತೆಯ ಲೆಕ್ಕದಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸಮ. ಸೋದರಮಾವನಿಗೂ ಅಕ್ಕನ ಮಗಳಿಗೂ ಸರಾಸರಿ ನಾಲ್ಕರಲ್ಲೊಂದು ಪಾಲು ಸಮಾನ. ಮಾವನ ಮಗಳಿಗೂ ಅತ್ತೆಯ ಮಗನಿಗೂ ಎಂಟರಲ್ಲೊಂದು ಪಾಲು. ಒಂದೇ ಅಜ್ಜಿ ಅಜ್ಜನಿಂದ ಬಂದ ಅಡಗಿದ ದೋಷ ಇಬ್ಬರಲ್ಲಿಯೂ ಇದ್ದರೆ ಅದು ಮಗುವಿನಲ್ಲಿ ಪ್ರಕಟವಾಗುವ ಸಂಭವ ಹೆಚ್ಚು. ಸೋದರಿಕೆಯ ಮದುವೆಗಳೆಲ್ಲ ಕೆಡುಕೆಂದು ಇದರ ಅರ್ಥವಲ್ಲ. ಅಂಥ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಆದರೆ ತಲೆಮಾರು ತಲೆಮಾರಿಗೂ ಅದೇ ಸಂಬಂಧ ಮರುಕಳಿಸಿದ ಮನೆಯಲ್ಲಿ, ಕಿವಿ ಕೇಳದ, ಮಾತು ಬಾರದ ಕೂಸು ಹಿಂದೆ ಹುಟ್ಟಿತ್ತೇ ಎಂದು ಕೇಳಿಕೊಳ್ಳುವುದು ವಿವೇಕ. ಆ ಪ್ರಶ್ನೆಗೆ ಉತ್ತರ ಹೊತ್ತಿಗೆಯಲ್ಲಿಲ್ಲ, ಅಜ್ಜಿಯನ್ನೇ ಕೇಳಬೇಕು. 1955ರ ಹಿಂದೂ ವಿವಾಹ ಕಾಯಿದೆ ತಂದೆಯ ಕಡೆಯಿಂದ ಐದು, ತಾಯಿಯ ಕಡೆಯಿಂದ ಮೂರು ತಲೆಮಾರುಗಳ ಸಾಪಿಂಡ್ಯವನ್ನು ಎಣಿಸುತ್ತದೆ. ರೂಢಿ ಒಪ್ಪಿದ ಕಡೆ ಮಾತ್ರ ವಿನಾಯಿತಿ.

ಆಸ್ತಿಯ ಮಾತೂ ಹಾಗೆಯೇ. 1872ರ ಸಾಕ್ಷ್ಯ ಕಾಯಿದೆ ಕುಟುಂಬದ ವಂಶಾವಳಿಯಲ್ಲಿನ ಬರಹವನ್ನು ಬಂಧುತ್ವದ ವಿಷಯದಲ್ಲಿ ಪರಿಶೀಲಿಸಲು ಯೋಗ್ಯವೆಂದು ಒಪ್ಪಿತ್ತು; ಅದರ ಸ್ಥಾನದಲ್ಲಿ ಬಂದ 2023ರ ಕಾಯಿದೆಯೂ ಆ ಮಾತನ್ನು ಉಳಿಸಿಕೊಂಡಿದೆ. ಆದರೆ ಗಂಡುಮಕ್ಕಳ ಕವಲೊಂದೇ ಇಂದು ಸಾಲದು. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ, ಅದಾಗಲೇ ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಮಗನಿಗೆ ಸಮನಾದ ಹಕ್ಕುದಾರಳನ್ನಾಗಿ ಮಾಡಿತು. ನಾಡಕಚೇರಿಯಲ್ಲಿ ವಂಶವೃಕ್ಷದ ದೃಢೀಕರಣಕ್ಕೆ ನಿಂತ ರೈತನು ಈಗ ಅಕ್ಕತಂಗಿಯರ ಹೆಸರನ್ನು ಬಿಟ್ಟು ಬರೆಯಿಸುವಂತಿಲ್ಲ. ಹಂದರದಲ್ಲಿ ಉಡಿ ತುಂಬಿ ಕಳುಹಿಸಿದ ಮಗಳು ವಂಶದ ಮರಕ್ಕೆ ಮರಳಿ ಬಂದಂತಾಯಿತು. ಇದರಿಂದ ಕೆಲವು ಮನೆಗಳಲ್ಲಿ ಮನಸ್ಸು ಒಡೆದಿರಬಹುದು. ಆದರೆ ತವರನ್ನು ಜೀವಮಾನವೆಲ್ಲ ಹಾಡಿ ಹರಸಿದವಳ ಹೆಸರು ಆ ತವರಿನ ಚರಿತ್ರೆಯಲ್ಲಿ ಇರಬೇಕೆಂಬುದು ನ್ಯಾಯವಲ್ಲವೆ?

ಕುಲದ ಹಮ್ಮಲ್ಲ, ಬೇರಿನ ನೆನಪು

ವಂಶದ ನೆನಪು ಕುಲದ ಹಮ್ಮಾಗಿ ಹುಳಿಯುವ ಅಪಾಯವೂ ಉಂಟು. ಅದನ್ನು ಎಚ್ಚರಿಸಿದವರೂ ಇದೇ ನೆಲದವರು. ಕುಲದ ನೆಲೆಯನ್ನೇ ಪ್ರಶ್ನಿಸಿದ ಕನಕದಾಸರು ಹುಟ್ಟಿದ್ದು ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾದ ಶರೀಫರ ಶಿಶುನಾಳವೂ ಅದೇ ತಾಲೂಕಿನದು. ಹೆಳವನ ಹೊತ್ತಿಗೆಯನ್ನು ಈ ಇಬ್ಬರ ನೆರಳಿನಲ್ಲಿ ಓದುವುದೇ ಸರಿಯಾದ ಓದು. ಯಾರು ಮೇಲು ಎಂದು ತಿಳಿಯುವುದಕ್ಕಲ್ಲ. ಎಷ್ಟು ಜನರ ಬೆವರಿನಿಂದ, ಎಷ್ಟು ಬರಗಳನ್ನು ದಾಟಿ ಈ ಮನೆಯ ಒಲೆ ಇನ್ನೂ ಉರಿಯುತ್ತಿದೆ ಎಂದು ತಿಳಿಯುವುದಕ್ಕೆ.

ಹೆಳವರು ಈಗಲೂ ಬರುತ್ತಾರೆ, ಆದರೆ ಎತ್ತಿನ ಬದಲು ಮೋಟಾರು ವಾಹನದಲ್ಲಿ. ಅವರ ಮಕ್ಕಳಲ್ಲಿ ಅನೇಕರು ಓದಿ ಬೇರೆ ಉದ್ಯೋಗ ಹಿಡಿದಿದ್ದಾರೆ. ಅದು ಸಂತೋಷದ ಸಂಗತಿಯೇ. ಮದುವೆಗಳು ಮನೆಯ ಅಂಗಳದಿಂದ ಕಲ್ಯಾಣಮಂಟಪಕ್ಕೆ ನಡೆದಿವೆ. ಸೋಬಾನದ ದನಿಯನ್ನು ಧ್ವನಿವರ್ಧಕ ಮುಳುಗಿಸಿದೆ. ಹೀಗಿರಲಾಗಿ ಎರಡು ಅರ್ಧಗಳೂ ಒಟ್ಟಿಗೆ ಕಳೆದುಹೋಗುವ ಭಯವಿಲ್ಲದಿಲ್ಲ.

ಅಮೆರಿಕದ ಬಯಲುನಾಡಿನ ಹಳೆಯ ರೈತ ಕುಟುಂಬಗಳಲ್ಲಿ ಮನೆಯ ಬೈಬಲ್ಲಿನ ಪುಟಗಳ ಮೇಲೆ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿಯಿತ್ತು. ನಮ್ಮಲ್ಲಿ ಅದಕ್ಕಿಂತ ಸುಲಭವಾದ ಸಾಧನಗಳಿವೆ. ಮನೆದೇವರ ಹೆಸರಿನಿಂದ ಆರಂಭವಾಗಿ ಬಳಗದ ಹೆಸರುಗಳೊಡನೆ ಮುಗಿಯುವ ಲಗ್ನಪತ್ರಿಕೆಯೂ ಒಂದು ಕಿರಿಯ ವಂಶಾವಳಿಯೇ. ಅದನ್ನು ರದ್ದಿಗೆ ಹಾಕದೆ ಮುಯ್ಯಿಯ ವಹಿಯ ಜೊತೆಗೆ ಇರಿಸಬಹುದು. ಮನೆಯಲ್ಲಿ ಅಜ್ಜಿ ಇದ್ದರೆ ಬಿಡುವಿನ ಒಂದು ಸಂಜೆ ಹತ್ತಿರ ಕುಳಿತು, "ಅಜ್ಜೀ, ನಿನ್ನ ಅವ್ವನ ಹೆಸರೇನು? ಅವಳ ತವರು ಯಾವುದು?" ಎಂದು ಕೇಳಿ ಬರೆದುಕೊಳ್ಳಬಹುದು. ಹೆಳವನು ಮತ್ತೆ ಬಾಗಿಲಿಗೆ ಬಂದ ದಿನ, ಅವನ ಹೊತ್ತಿಗೆಯ ಪಕ್ಕದಲ್ಲಿ ಇಡಲು ಮನೆಯವರ ಕೈಯಲ್ಲೂ ಒಂದು ಹೊತ್ತಿಗೆ ಇರಲಿ.