ಅಂಗೈಯಲ್ಲಿ ಮೋಟಾರು ಪಂದ್ಯ

ಚಿನ್ನದ ಗಣಿಯಿಂದ ಹೆಸರಾದ ಹಟ್ಟಿಯಲ್ಲಿ ವಿದ್ಯಾರ್ಥಿಯೊಬ್ಬನು ಮೊಬೈಲ್ ಫೋನಿನಲ್ಲಿ ಪುಟ್ಟ ಕಾರುಗಳ ಪಂದ್ಯವನ್ನು ಆಡುತ್ತಿರುವನೆಂದು ಭಾವಿಸೋಣ. ಫೋನನ್ನು ಎಡಕ್ಕೆ ಓರೆಮಾಡಿದೊಡನೆ ಕಾರೂ ಎಡಕ್ಕೆ ಹೊರಳುತ್ತದೆ. ಕೈಯ ಇಂಗಿತವು ಫೋನಿಗೆ ತಿಳಿಯುವುದೆಂತು?

ಅದರೊಳಗೆ ಸಿಲಿಕಾನಿನಿಂದ ಕೊರೆದ ಅತಿ ಸಣ್ಣ ತುಂಡೊಂದು ಅಷ್ಟೇ ಸೂಕ್ಷ್ಮವಾದ ಸ್ಪ್ರಿಂಗುಗಳ ಆಧಾರದಲ್ಲಿ ನಿಂತಿರುತ್ತದೆ. ಫೋನು ಓರೆಯಾದರೆ ಗುರುತ್ವಾಕರ್ಷಣೆಯು ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಆಗ ಅಕ್ಕಪಕ್ಕದ ಫಲಕಗಳ ವಿದ್ಯುತ್ ಧಾರಣಶಕ್ತಿಯು ವ್ಯತ್ಯಾಸ ಹೊಂದುತ್ತದೆ. ಇದನ್ನು ಅಳೆದು ಫೋನಿನ ಗಣಕವು ಕಾರಿನ ಹೊಸ ಸ್ಥಾನವನ್ನು ಲೆಕ್ಕಹಾಕಿ, ಸಾಮಾನ್ಯವಾಗಿ ಸೆಕೆಂಡಿಗೆ 30 ಇಲ್ಲವೆ 60 ಚಿತ್ರಗಳನ್ನು ಬಿಡಿಸುತ್ತದೆ. ಈ ಸ್ಥಿರಚಿತ್ರಗಳ ಸಾಲೇ ನಮ್ಮ ಕಣ್ಣಿಗೆ ಓಟವಾಗಿ ತೋರುತ್ತದೆ.

ಆಟದ ರಸ್ತೆಗೆ ನಿಯಮ ವಿಧಿಸುವವನು ಅದನ್ನು ರಚಿಸಿದವನು. ಮೋಜು ಕೆಡದಿರಲೆಂದು ಆತನು ಟೈರಿನ ಹಿಡಿತವನ್ನು ಬೇಕಾದಷ್ಟು ಹೆಚ್ಚಿಸಬಲ್ಲನು. ಹಟ್ಟಿಯಿಂದ ಲಿಂಗಸುಗೂರಿಗೆ ಹೋಗುವ ನಿಜವಾದ ರಸ್ತೆಯಲ್ಲಿ ಈ ಸ್ವಾತಂತ್ರ್ಯವು ಯಾರಿಗೂ ಇಲ್ಲ. 50 ಮೀಟರು ತ್ರಿಜ್ಯದ ಸಮತಟ್ಟಾದ ತಿರುವೊಂದನ್ನು ಊಹಿಸಿಕೊಳ್ಳಿ. ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಅಲ್ಲಿ ಹೊರಳುವ ವಾಹನಕ್ಕೆ ಕೇಂದ್ರಾಭಿಮುಖವಾಗಿ ಬೇಕಾಗುವ ವೇಗೋತ್ಕರ್ಷವು ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 2 ಮೀಟರು. ವೇಗವು ಇಮ್ಮಡಿಸಿ 72 ಕಿಲೋಮೀಟರಾದರೆ ಅದು ನಾಲ್ಮಡಿಸಿ 8 ಮೀಟರಾಗುತ್ತದೆ. ಒಣರಸ್ತೆಯ ಘರ್ಷಣೆಗೂ ಇದು ಮಿತಿಯ ಅಂಚು. ಮಳೆ ಬಿದ್ದ ರಸ್ತೆಯಲ್ಲಿ ಟೈರುಗಳು ಹಿಡಿತ ತಪ್ಪಿ ಜಾರುತ್ತವೆ.

ಆಟದಲ್ಲಿ ಉರುಳಿದ ಕಾರು ಮರುಕ್ಷಣವೇ ಎದ್ದು ಓಡುತ್ತದೆ. ಮುಂದೊಂದು ದಿನ ನಿಜವಾದ ವಾಹನದ ಕೀಲಿಯನ್ನು ಹಿಡಿಯುವ ತರುಣರು, ತಿರುವು ಎದುರಾಗುವ ಮೊದಲೇ ವೇಗವನ್ನು ತಗ್ಗಿಸುವ ಅಭ್ಯಾಸವನ್ನು ಈ ಲೆಕ್ಕದಿಂದಲೇ ಕಲಿಯುವುದು ಲೇಸು.